ಕ್ರೇನ್ ಹಾಕಿ ಮರ ತೆಗೆಯುವಾಗ: ತೂಕ, ದೂರ, ನೆಲ

ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಮನೆ ಮತ್ತು ಮರ ಒಂದಕ್ಕೊಂದು ಒತ್ತಿಕೊಂಡೇ ಬೆಳೆದಿವೆ. ಮಾವಿನ ಒಂದು ಟೊಂಗೆ ಹಂಚಿನ ಮಾಡಿನ ಮೇಲೆ, ಇನ್ನೊಂದು ಪಕ್ಕದ ಮನೆಯ ಬಾವಿಯ ಮೇಲೆ, ನಡುವೆ ಕರೆಂಟಿನ ತಂತಿ. ಇಂಥ ಮರ ಒಣಗಿದರೆ ಅಥವಾ ವಾಲಿದರೆ ಹಗ್ಗ ಕಟ್ಟಿ ಕೆಡವಲು ಜಾಗವೇ ಇರುವುದಿಲ್ಲ. ಆಗ ಕ್ರೇನ್ ತರಿಸುವುದು ಸರಿಯಾದ ನಿರ್ಧಾರ.

ಆದರೆ ಕ್ರೇನ್ ಬಂದ ಕೂಡಲೇ ಅಪಾಯ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಮರವನ್ನು ಕೆಡವುವಾಗ ಅದರ ತೂಕ ಹೊರುವುದು ನೆಲ. ಕ್ರೇನಿಗೆ ಕಟ್ಟಿ ಕೊಯ್ದಾಗ, ಕೊನೆಯ ನಾರು ತುಂಡಾಗುವ ಒಂದು ಸೆಕೆಂಡಿನಲ್ಲಿ ಅಷ್ಟೂ ತೂಕ ಬೂಮಿನ (ಕ್ರೇನಿನ ಉದ್ದ ತೋಳಿನ) ಮೇಲೆ ಬರುತ್ತದೆ. ಯಂತ್ರವನ್ನೋ ಕಬ್ಬಿಣದ ತೊಲೆಯನ್ನೋ ಎತ್ತುವಾಗ ಭಾರ ಹೆಚ್ಚೆನಿಸಿದರೆ ಮತ್ತೆ ನೆಲಕ್ಕೆ ಇಡಬಹುದು. ಕೊಯ್ದ ಟೊಂಗೆಯನ್ನು ಮರಕ್ಕೆ ಮರಳಿ ಅಂಟಿಸಲಾಗದು. ಆದ್ದರಿಂದ ಚೈನ್‌ಸಾ ಶುರುವಾಗುವ ಮೊದಲೇ ಮೂರು ಸಂಗತಿ ಅಂಕಿಯಲ್ಲಿ ಗೊತ್ತಿರಬೇಕು: ತುಂಡಿನ ತೂಕ, ಕ್ರೇನಿನಿಂದ ಅದಕ್ಕಿರುವ ದೂರ, ಕ್ರೇನ್ ನಿಂತ ನೆಲದ ತಾಳಿಕೆ.

ಮರ ಹತ್ತಿ ಗರಗಸ ಹಿಡಿಯುವುದನ್ನು ಓದಿ ಕಲಿಯಲಾಗದು. ಇಲ್ಲಿರುವುದು ಕೆಲಸದ ಮೇಲುಸ್ತುವಾರಿ ನೋಡುವವರಿಗೆ, ಕ್ರೇನ್ ಓಡಿಸುವವರಿಗೆ, ಮತ್ತು ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ಅಂಗಳದಲ್ಲಿ ನಿಂತು ನೋಡಬೇಕಾದ ಮನೆಯವರಿಗೆ.

ಕಾಗದ ಮತ್ತು ಕ್ರೇನ್

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಾಗದ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಮರ ಅದರಲ್ಲಿದೆಯೇ ಎಂದು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಕೊಳ್ಳಿ. ಶಿರಸಿ, ಸಿದ್ದಾಪುರ ಕಡೆಯ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ) ಮರಗಳ ವಿಷಯ ಬೇರೆ. ಅಲ್ಲಿ ಇಲಾಖೆಯನ್ನು ಕೇಳದೆ ಕೊಡಲಿ ಮುಟ್ಟಬೇಡಿ. ಹೆದ್ದಾರಿಯ ಅಥವಾ ಕೊಂಕಣ ರೈಲ್ವೆ ಹಳಿಯ ಪಕ್ಕದ ಮರವಾದರೆ ಅವರವರ ಒಪ್ಪಿಗೆ ಪ್ರತ್ಯೇಕವಾಗಿ ಬೇಕು.

ನಮ್ಮಲ್ಲಿ ಸುಲಭಕ್ಕೆ ಸಿಗುವುದು ಹೈಡ್ರಾ. ಮುಂದೆ ಬೂಮ್ ಇಟ್ಟುಕೊಂಡು ಸರಕು ತೂಗುಹಾಕಿಯೇ ಓಡಾಡುವ ಗಾಡಿ. ಗಟ್ಟಿ, ಸಮತಟ್ಟು ನೆಲದಲ್ಲಿ ಬಿದ್ದ ದಿಮ್ಮಿಯನ್ನು ಲಾರಿಗೆ ಹೇರಲು ಅದು ಸರಿ. ನಿಂತ ಮರದ ತಲೆ ಇಳಿಸಲು ಸರಿಯಲ್ಲ. ಹೆಚ್ಚಿನವಕ್ಕೆ ನೆಲಕ್ಕೆ ಊರುವ ಜಾಕ್ ಇರುವುದಿಲ್ಲ, ಇಡೀ ಭಾರ ಟೈರಿನ ಮೇಲೆ. ಬೂಮ್ ತಾನೇ ಸುತ್ತಲೂ ತಿರುಗುವುದಿಲ್ಲ, ಪಕ್ಕಕ್ಕೆ ಒಯ್ಯಬೇಕೆಂದರೆ ಗಾಡಿಯೇ ತಿರುಗಬೇಕು. ತಿರುಗಿದಾಗ ತುಂಡು ತೂಗುತ್ತದೆ. ನಾಲ್ಕೂ ಕಡೆ ಜಾಕ್ ಚಾಚಿ ನಿಲ್ಲುವ, ಬೂಮ್ ಸುತ್ತ ತಿರುಗುವ ಲಾರಿ ಕ್ರೇನನ್ನೇ ಕೇಳಿ. ಬಾಡಿಗೆ ಹೆಚ್ಚಾದರೂ ಈ ಒಂದು ವಿಷಯದಲ್ಲಿ ಚೌಕಾಸಿ ಮಾಡಬೇಡಿ. ಜೆಸಿಬಿಯ ಬಕೆಟ್ಟಿಗೆ ಚೈನು ಕಟ್ಟಿ ಟೊಂಗೆ ಹಿಡಿಸುವ ರೂಢಿಯಂತೂ ಕೂಡಲೇ ನಿಲ್ಲಬೇಕಾದದ್ದು.

ಕ್ರೇನ್ ಬಂದಾಗ ನೋಡಬೇಕಾದದ್ದು: ಕ್ಯಾಬಿನ್ನಿನಲ್ಲಿ ಅದೇ ಮಾದರಿಯ ಲೋಡ್ ಚಾರ್ಟ್ (ಎಷ್ಟು ದೂರಕ್ಕೆ ಎಷ್ಟು ಭಾರ ಎತ್ತಬಹುದೆಂಬ ಪಟ್ಟಿ), ಎತ್ತಿದ ತೂಕ ತೋರಿಸುವ, ಕೆಟ್ಟಿರದ ಲೋಡ್ ಇಂಡಿಕೇಟರ್, ಹುಕ್ಕಿನ ಬಾಯಿಗೆ ಮುಚ್ಚುವ ಲ್ಯಾಚ್, ಹುಕ್ ತುದಿಗೆ ಬಂದು ಬಡಿಯದಂತೆ ತಡೆಯುವ ಲಿಮಿಟ್ ಸ್ವಿಚ್, ಕಳೆದ 12 ತಿಂಗಳೊಳಗಿನ ಪರೀಕ್ಷಾ ಪ್ರಮಾಣಪತ್ರ. ಉಪ್ಪುಗಾಳಿಯಲ್ಲಿ ನಿಂತ ಕ್ರೇನಿನ ವಯರ್ ರೋಪನ್ನು ಡ್ರಮ್ಮಿನಿಂದ ಸ್ವಲ್ಪ ಬಿಚ್ಚಿಸಿ ನೋಡಿ. ಹೊರಗೆ ಗ್ರೀಸ್ ಮೆತ್ತಿ ಒಳಗೆ ತುಕ್ಕು ತಿಂದಿರುವುದು ಕರಾವಳಿಯಲ್ಲಿ ಸಾಮಾನ್ಯ.

ಮರವನ್ನು ನೋಡುವುದು

ಒಂದು ದಿನ ಮೊದಲೇ ಬುಡದಿಂದ ತುದಿಯವರೆಗೆ ಸುತ್ತ ತಿರುಗಿ ನೋಡಬೇಕು. ಕಾಳುಮೆಣಸಿನ ಬಳ್ಳಿ ಹಬ್ಬಿದ ಕಾಂಡದಲ್ಲಿ ಬಿರುಕು, ಪೊಟರೆ ಯಾವುದೂ ಕಾಣುವುದಿಲ್ಲ. ಬಳ್ಳಿ ಇಳಿಸಿಯೇ ನೋಡಿ. ಮರದ ಸುತ್ತಿಗೆಯಿಂದ ಬಡಿದಾಗ ಟಪ್‌ಟಪ್ ಎನ್ನದೆ ಡಬ್‌ಡಬ್ ಎಂದರೆ ಒಳಗೆ ಪೊಳ್ಳು. ಅಂಥ ಮರಕ್ಕೆ ಆಳು ಹತ್ತಬಾರದು, ತನ್ನ ಸೊಂಟದ ಪಟ್ಟಿಯನ್ನು ಅದಕ್ಕೆ ಕಟ್ಟಿಕೊಳ್ಳಲೂಬಾರದು. ಬೇರೆ ಗಾಡಿಯ ಬಕೆಟ್ಟಿನಲ್ಲಿ ನಿಂತು ಕೊಯ್ಯಬೇಕು. ಕ್ರೇನಿನ ಹುಕ್ಕಿಗೆ ಜೋತುಬಿದ್ದು ಮೇಲೆ ಹೋಗುವುದು ಎಂದಿಗೂ ಬೇಡ.

ಒಣಗಿದ ತೆಂಗಿನಲ್ಲಿ ಕೆಂಪುಮೂತಿ ಹುಳು ತಿಂದ ಜಾಗ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ, ಎತ್ತುವ ಬೆಲ್ಟ್ ಬಿಗಿದಾಗ ಜಜ್ಜಿಹೋಗುತ್ತದೆ. ಕಾಯಿ, ಒಣ ಹೆಡೆಗಳನ್ನು ಮೊದಲು ಇಳಿಸದೆ ತೆಂಗಿನ ತಲೆ ಎತ್ತಿದರೆ ಅಷ್ಟೂ ಕೆಳಗಿನವರ ಮೇಲೆ ಉದುರುತ್ತದೆ.

ಮೇಲೆ ಎರಡು ಮರಗಳ ತಲೆಯನ್ನು ಹೆಣೆದ ಕಾಡುಬಳ್ಳಿ ಇದೆಯೇ? ಇದ್ದರೆ ಮೊದಲು ಅದನ್ನೇ ಕಡಿಯಬೇಕು. ಬಳ್ಳಿ ಕಡಿಯದೆ ಎತ್ತಿದರೆ ಕ್ರೇನ್ ಒಂದು ಟೊಂಗೆಯನ್ನಲ್ಲ, ಪಕ್ಕದ ಮರವನ್ನೂ ಎಳೆಯುತ್ತಿರುತ್ತದೆ. ಹೆಜ್ಜೇನು, ಕಣಜ, ಚಗಳಿ ಇರುವೆಯ ಗೂಡು ಇದ್ದರೆ ಕೆಲಸ ಮುಂದೂಡಿ. 12 ಮೀಟರ್ ಎತ್ತರದಲ್ಲಿ ಗರಗಸ ಹಿಡಿದವನಿಗೆ ಓಡಲು ದಾರಿಯಿಲ್ಲ. ಹೊಲಗೇರು ಮರದ ಸೊನೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಕಣ್ಣಿಗೆ ಸಿಡಿದರೆ ಆಸ್ಪತ್ರೆಯೇ ಗತಿ. ರಸ್ತೆಬದಿಯ ಮರಗಳಲ್ಲಿ ಜಾಹೀರಾತು ಹಲಗೆಯ ಮೊಳೆ, ಬೇಲಿಯ ತಂತಿ ಹುದುಗಿರುವುದರಿಂದ ಕೊಯ್ಯುವ ಜಾಗದ ತೊಗಟೆ ಕೆತ್ತಿ ನೋಡಿಕೊಳ್ಳಬೇಕು.

ತೂಕದ ಲೆಕ್ಕ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ, ಮತ್ತು ಅದಕ್ಕೆ ನಮ್ಮ ಕಟ್ಟಿಗೆ ವ್ಯಾಪಾರದ ಅಳತೆಯೇ ಒಂದು ಕಾರಣ. ಮರ ಅಳೆಯುವವರು ಸುತ್ತಳತೆಯ ಕಾಲುಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸಿ ಘನ ಅಡಿ ಹೇಳುತ್ತಾರೆ. ಕೊಯ್ಯುವಾಗ ಹೋಗುವ ಅಂಚುಗಳನ್ನು ಬಿಟ್ಟು ಹೇಳುವ ಅಳತೆ ಅದು. ಮಾರಾಟಕ್ಕೆ ಸರಿ, ಎತ್ತುವುದಕ್ಕೆ ಸರಿಯಲ್ಲ: ನಿಜವಾದ ಗಾತ್ರದ ಶೇ. 78.5ರಷ್ಟು ಮಾತ್ರ ಅದರಲ್ಲಿ ಬರುತ್ತದೆ. ಕ್ರೇನ್ ಎತ್ತುವುದು ತೊಗಟೆ, ಅಂಚು, ನೀರು ಎಲ್ಲವನ್ನೂ.

ಹಸಿ ಮರದ ತೂಕ ಸಾಮಾನ್ಯವಾಗಿ ಘನ ಮೀಟರಿಗೆ 800ರಿಂದ 1,100 ಕಿಲೊ. ಮಾವು, ಹಲಸಿನಂಥ ಮರಕ್ಕೆ ಲೆಕ್ಕದಲ್ಲಿ 1,100 ಹಿಡಿಯಿರಿ; ಗಾಳಿಮರ, ಮತ್ತಿಯಂಥ ಗಟ್ಟಿಮರ ಅದಕ್ಕಿಂತ ಭಾರವಿರಬಹುದು. ಹಾಗೆ ಹಿಡಿದರೆ ವ್ಯಾಪಾರದ ಅಳತೆಯ ಒಂದು ಘನ ಅಡಿಗೆ 40 ಕಿಲೊ ಎಂದು ನೆನಪಿಟ್ಟುಕೊಂಡರೆ ಸಾಕು.

ಒಂದು ದಿಮ್ಮಿಯ ನಡುಸುತ್ತಳತೆ 60 ಇಂಚು, ಉದ್ದ 12 ಅಡಿ ಎನ್ನಿ. 60ನ್ನು 60ರಿಂದ ಗುಣಿಸಿ, 12ರಿಂದ ಗುಣಿಸಿ, 2,304ರಿಂದ ಭಾಗಿಸಿದರೆ 18.75 ಘನ ಅಡಿ. ಅದಕ್ಕೆ 40 ಕಿಲೊದಂತೆ 750 ಕಿಲೊ. ಮೀಟರಿನಲ್ಲಿ ಮಾಡುವವರು ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 12.57ರಿಂದ ಭಾಗಿಸಿ, ಬಂದ ಘನ ಮೀಟರನ್ನು 1,100ರಿಂದ ಗುಣಿಸಲಿ, ಉತ್ತರ ಒಂದೇ.

ಸುತ್ತಳತೆ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟಾಗುತ್ತದೆ. 30 ಇಂಚಿನ ಟೊಂಗೆಯನ್ನು 12 ಅಡಿ ತುಂಡಾಗಿ ಇಳಿಸಿ ಅಭ್ಯಾಸವಾದ ತಂಡ ಕಾಂಡದ ಕೆಳಭಾಗಕ್ಕೆ ಬಂದಾಗಲೂ ಅದೇ 12 ಅಡಿ ಕೊಯ್ಯಲು ಹೋಗುತ್ತದೆ. ಸುಮಾರು 190 ಕಿಲೊ ಇದ್ದದ್ದು 750 ಆಗಿರುತ್ತದೆ. ಎಷ್ಟೋ ಕ್ರೇನ್ ಪಲ್ಟಿಗಳ ಹಿಂದೆ ಇಷ್ಟು ಸರಳವಾದ ಗುಣಾಕಾರ ಇರುತ್ತದೆ.

ಎಲೆ, ರೆಂಬೆ ಇರುವ ತುಂಡಿಗೆ ಪ್ರತಿ ಕವಲನ್ನೂ ಬೇರೆಬೇರೆ ಲೆಕ್ಕಹಾಕಿ, ಒಟ್ಟಿಗೆ ಕನಿಷ್ಠ ಕಾಲುಭಾಗ ಸೇರಿಸಿ. ರಾತ್ರಿ ಮಳೆ ಬಂದಿದ್ದರೆ, ಬಂದಳಿಕೆ, ಪಾಚಿ, ಜರೀಗಿಡ ಮೆತ್ತಿದ್ದರೆ ಇನ್ನೂ ಹೆಚ್ಚು. ಪೊಳ್ಳಿದೆ ಎಂದು ತೂಕ ಕಳೆಯಬೇಡಿ. ಪೊಟರೆಯೊಳಗೆ ಮಳೆನೀರು, ಕೊಳೆತ ಪುಡಿ ತುಂಬಿರಬಹುದು.

ಲೆಕ್ಕ ಸರಿಯೇ ಎಂದು ತಿಳಿಯಲು ಒಂದು ಒಳ್ಳೆಯ ದಾರಿಯಿದೆ. ಮೊದಲ ತುಂಡು ಬೇಕೆಂದೇ ಸಣ್ಣದಿರಲಿ. ಅದನ್ನು ಎತ್ತಿದಾಗ ಇಂಡಿಕೇಟರ್ ತೋರಿಸಿದ ತೂಕವನ್ನು ನಿಮ್ಮ ಅಂದಾಜಿನೊಡನೆ ಹೋಲಿಸಿ. 200 ಕಿಲೊ ಎಂದುಕೊಂಡದ್ದು 260 ಬಂದರೆ ಮುಂದಿನ ಎಲ್ಲ ಅಂದಾಜನ್ನೂ 1.3ರಿಂದ ಗುಣಿಸಿ. ಮರವೇ ತನ್ನ ತೂಕ ಹೇಳಿದಂತಾಯಿತು.

ದೂರ ಮತ್ತು ಲೋಡ್ ಚಾರ್ಟ್

14 ಟನ್ ಕ್ರೇನ್ ಎಂದರೆ 14 ಟನ್ ಎತ್ತುವ ಕ್ರೇನ್ ಎಂದಲ್ಲ. ಬೂಮ್ ಪೂರ್ತಿ ಮಡಚಿ, ಸರಕನ್ನು ತನ್ನ ಪಕ್ಕಕ್ಕೇ ಇಟ್ಟುಕೊಂಡಾಗಿನ ಅಂಕಿ ಅದು. ಬೂಮ್ ಚಾಚಿದಂತೆಲ್ಲ ಸಾಮರ್ಥ್ಯ ವೇಗವಾಗಿ ಇಳಿದು, ಅಂಗಳದಾಚೆಯ ಮರ ಮುಟ್ಟುವ ಹೊತ್ತಿಗೆ ಒಂದೆರಡು ಟನ್ನಿಗೆ ಬಂದಿರುತ್ತದೆ.

ದೂರವನ್ನು ಬಂಪರಿನಿಂದ ಅಳೆಯಬಾರದು. ಬೂಮ್ ತಿರುಗುವ ಚಕ್ರದ ನಡುಬಿಂದುವಿನಿಂದ ಹುಕ್ಕಿನ ನೇರ ಕೆಳಗಿನ ನೆಲದವರೆಗೆ ಟೇಪ್ ಹಿಡಿಯಿರಿ. ಅಳೆಯಬೇಕಾದ ದೂರ ಎರಡು: ತುಂಡು ಕೊಯ್ಯುವ ಜಾಗಕ್ಕೆ ಒಂದು, ಇಳಿಸುವ ಜಾಗಕ್ಕೆ ಒಂದು. ಎರಡನೆಯದು ಹೆಚ್ಚಿದ್ದರೆ ಲೆಕ್ಕ ಅದರದ್ದೇ. ಮರದ ಹತ್ತಿರ ಸುಲಭವಾಗಿ ಎತ್ತಿದ ತುಂಡನ್ನು ರಸ್ತೆಯ ಆಚೆ ಇಡಲು ಹೋಗಿ ನಡುದಾರಿಯಲ್ಲಿ ಕ್ರೇನ್ ಮಗುಚುವುದು ಹೀಗೆಯೇ. ಭಾರ ಬಿದ್ದಾಗ ಬೂಮ್ ಬಾಗುವುದರಿಂದಲೂ ದೂರ ಸ್ವಲ್ಪ ಹೆಚ್ಚುತ್ತದೆ.

ಚಾರ್ಟಿನ ಅಂಕಿಯಿಂದ ಹುಕ್, ಎತ್ತುವ ಬೆಲ್ಟ್, ಅವನ್ನು ಜೋಡಿಸುವ ಕಬ್ಬಿಣದ ಕೊಂಡಿಯಾದ ಶಕಲ್‌ಗಳ ತೂಕ ಕಳೆಯಿರಿ. ಉಳಿದದ್ದರಲ್ಲಿ ಅರ್ಧವೇ ನಿಮ್ಮ ಮಿತಿ. ಉದಾಹರಣೆಗೆ ಚಾರ್ಟ್ 14 ಮೀಟರಿಗೆ 2,000 ಕಿಲೊ ಹೇಳುತ್ತದೆ, ಹುಕ್ ಮತ್ತು ಸಾಮಾನು 200 ಕಿಲೊ ಎಂದಾದರೆ ಉಳಿದದ್ದು 1,800. ಕೊಯ್ಯುವ ತುಂಡು 900 ಕಿಲೊ ಮೀರಬಾರದು. ಅರ್ಧ ಬಿಡುವುದು ಧಾರಾಳವಲ್ಲ: ತೂಕ ಅಂದಾಜಿನದ್ದು, ತುಂಡು ಕಳಚುವಾಗ ಜಗ್ಗುತ್ತದೆ, ಎಲೆಗೆ ಗಾಳಿ ಹಿಡಿಯುತ್ತದೆ. ಈ ಮೂರೂ ಚಾರ್ಟಿನಲ್ಲಿ ಇಲ್ಲ.

ನೆಲ

20 ಟನ್ ತೂಗುವ ಕ್ರೇನ್ ಬೂಮನ್ನು ಒಂದು ಮೂಲೆಯ ಕಡೆಗೆ ಚಾಚಿದಾಗ ಆ ಮೂಲೆಯ ಒಂದೇ ಜಾಕಿನ ಮೇಲೆ 12 ಟನ್ ಬರಬಹುದು. ಜಾಕಿನ ಪಾದ 40 ಸೆಂ.ಮೀ. ಚೌಕವಿದ್ದರೆ ನೆಲದ ಮೇಲೆ ಚದರ ಮೀಟರಿಗೆ 75 ಟನ್ ಒತ್ತಡ. ಸಡಿಲ ಮರಳು ತಾಳುವುದು ಚದರ ಮೀಟರಿಗೆ ಸುಮಾರು 10 ಟನ್. ಅದೇ ಜಾಕಿನಡಿ 1.2 ಮೀಟರ್ ಚೌಕದ ಹಲಗೆಹಾಸು ಹಾಕಿದರೆ ಒತ್ತಡ 8.3 ಟನ್ನಿಗೆ ಇಳಿಯುತ್ತದೆ. ಹಾಸು ಬಾಗದಷ್ಟು ದಪ್ಪವಿರಬೇಕು: 15 ಸೆಂ.ಮೀ. ಗಟ್ಟಿಮರದ ಸ್ಲೀಪರುಗಳನ್ನು ಅಡ್ಡ-ಉದ್ದ ಎರಡು ಪದರ ಹಾಸಿ. ಪ್ಲೈವುಡ್ ತುಂಡು, ಹೆಂಚು, ಚಿರೆಕಲ್ಲು ಇಡುವುದು ಬೇಡ. ಚಿರೆಕಲ್ಲು ಒಡೆಯುವಾಗ ಸೂಚನೆ ಕೊಡುವುದಿಲ್ಲ.

ನಮ್ಮ ಜಿಲ್ಲೆಯ ನೆಲ ಹತ್ತು ಹೆಜ್ಜೆಗೆ ಬದಲಾಗುತ್ತದೆ. ಕಡಲ ದಂಡೆಯ ಮರಳಿನಲ್ಲಿ ಒಣಗಿದಾಗ ಒಂದು ತಾಳಿಕೆ, ಭರತದ ಹೊತ್ತಿಗೆ ನೀರು ಏರಿದಾಗ ಇನ್ನೊಂದು. ಅಘನಾಶಿನಿ ನದಿಯ ಕಡೆಯ ಗಜನಿ ಭೂಮಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಮೇಲೆ ಒಣಗಿ ಬಿರಿದಿದ್ದರೂ ಒಳಗೆ ಕೆಸರು. ಅಲ್ಲಿ ಹಾಸು ಹಾಕಿಯೂ ಕ್ರೇನ್ ನಿಲ್ಲಿಸಬಾರದು. ಚಿರೆಕಲ್ಲಿನ ನೆಲ ಮೋಸಮಾಡುವುದು ಬೇರೆ ರೀತಿ: ಮೇಲೆ ಗಟ್ಟಿ ಪದರ, ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಕಾದಿಗೆಯ (ನೀರು ಬಸಿಯುವ ಕಾಲುವೆಯ) ಅಂಚು ವರ್ಷವಿಡೀ ಹಸಿ. ಮನೆಯ ಹಿತ್ತಿಲಲ್ಲಿ ಮುಚ್ಚಿದ ಹಳೆ ಬಾವಿ, ಶೌಚದ ಗುಂಡಿ ಎಲ್ಲಿದೆ ಎಂದು ಮನೆಯ ಹಿರಿಯರನ್ನೇ ಕೇಳಿ. ಬೇರೆ ಯಾರಿಗೂ ಅದು ನೆನಪಿರುವುದಿಲ್ಲ. ಕೇರಿಗೆ ಬರುವ ದಾರಿಯಲ್ಲಿ ಮೋರಿ, ಸಣ್ಣ ಸಂಕ (ಸೇತುವೆ) ಇದ್ದರೆ ಅದು ಕ್ರೇನಿನ ತೂಕ ಹೊರುತ್ತದೆಯೇ ಎಂಬುದು ಮೊದಲ ಪ್ರಶ್ನೆ.

ಧರೆಯ (ಕಡಿದ ದಿಬ್ಬದ) ಅಂಚಿನಿಂದ ಜಾಕ್ ಎಷ್ಟು ದೂರವಿರಬೇಕು? ಗಟ್ಟಿ ಮಣ್ಣಾದರೆ ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು. ಸಡಿಲ ಅಥವಾ ಹಸಿ ಮಣ್ಣಾದರೆ ಅದರ ಎರಡು ಪಟ್ಟು. 3 ಮೀಟರ್ ಧರೆಗೆ 3ರಿಂದ 6 ಮೀಟರ್. ಬಾವಿಗೂ ಇದೇ ಲೆಕ್ಕ. ಧರೆಯ ಕೆಳಗೆ ನಿಲ್ಲಿಸುವಾಗಲೂ ಮೇಲೆ ನೋಡಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಕಡಿದ ಗುಡ್ಡದ ಬುಡದಲ್ಲಿ ಮಳೆಗಾಲದಲ್ಲಿ ಕ್ರೇನ್ ಜಾಕ್ ಊರುವ ಕೆಲಸ ಯಾವ ಮರಕ್ಕೂ ಬೇಡ.

ಜಾಕುಗಳನ್ನು ಪೂರ್ತಿ ಚಾಚಿ, ಟೈರು ನೆಲ ಬಿಡುವಂತೆ ಎತ್ತಿ, ಮಟ್ಟದ ಗುಳ್ಳೆ ನಡುವೆ ಬರುವಂತೆ ನಿಲ್ಲಿಸಬೇಕು. ಜಾಗ ಸಾಲದೆಂದು ಒಂದು ಬದಿಯನ್ನು ಅರ್ಧ ಚಾಚಿದರೆ ಲೋಡ್ ಚಾರ್ಟ್ ಆ ಬದಿಗೆ ಅನ್ವಯಿಸುವುದಿಲ್ಲ. ಭಾರವಿಲ್ಲದೆ ಬೂಮನ್ನು ಪ್ರತಿ ಜಾಕಿನ ಮೇಲೂ ಒಮ್ಮೆ ತಿರುಗಿಸಿ, ಹಾಸು ಇಳಿಯಿತೇ ನೋಡಿ. ಪ್ರತಿ ನಾಲ್ಕೈದು ತುಂಡಿಗೊಮ್ಮೆ ಮತ್ತೆ ನೋಡಬೇಕು.

ಕರೆಂಟಿನ ತಂತಿ

ಬೂಮ್, ರೋಪ್, ತೂಗುವ ತುಂಡು ಮೂರೂ ಸೇರಿ 50 ಕೆವಿ (ಕಿಲೊವೋಲ್ಟ್) ವರೆಗಿನ ತಂತಿಯಿಂದ ಕನಿಷ್ಠ 3 ಮೀಟರ್, 110 ಕೆವಿ ಲೈನಿನಿಂದ 4.6 ಮೀಟರ್ ದೂರವಿರಬೇಕು; ವಿದ್ಯುತ್ ಕಂಪನಿ ಹೆಸ್ಕಾಂನವರು ಹೆಚ್ಚು ಹೇಳಿದರೆ ಅದೇ ಅಂತಿಮ. ಕೈಗಾ ಅಣುವಿದ್ಯುತ್ ಸ್ಥಾವರದಿಂದ ಬರುವ ಹೈಟೆನ್ಷನ್ ಲೈನಿನ ಹತ್ತಿರ ಲೈನಿನ ಇಲಾಖೆಯವರಿಲ್ಲದೆ ಕೆಲಸವೇ ಬೇಡ.

ಬಹಳ ತಂಡಗಳು ಮರೆಯುವ ಸಂಗತಿ ಇದು: ತುದಿಯ ಭಾರ ಇಳಿದ ಕೂಡಲೇ ಉಳಿದ ಟೊಂಗೆ ಮೇಲಕ್ಕೆ ಚಿಮ್ಮುತ್ತದೆ. ತಂತಿಯ ಕೆಳಗಿದ್ದ ಟೊಂಗೆ ಹೀಗೆ ತಂತಿಗೆ ತಾಗುತ್ತದೆ. ಹಸಿ ಎಲೆ, ಒದ್ದೆ ಹಗ್ಗ ಎರಡರಲ್ಲೂ ಕರೆಂಟು ಹರಿಯುತ್ತದೆ.

ದೂರ ಸಾಲದಿದ್ದರೆ ಹೆಸ್ಕಾಂಗೆ ಬರೆದುಕೊಟ್ಟು ಲೈನ್ ಕ್ಲಿಯರ್ (ತಂತಿಯ ಕರೆಂಟು ತೆಗೆದಿದೆ ಎಂಬ ಒಪ್ಪಿಗೆ) ಪಡೆಯಬೇಕು. ‘ಕರೆಂಟ್ ಹೋಗಿದೆ, ಬೇಗ ಮುಗಿಸೋಣ’ ಎನ್ನುವುದು ಲೈನ್ ಕ್ಲಿಯರ್ ಅಲ್ಲ. ಹೋದ ಕರೆಂಟು ಯಾವ ಕ್ಷಣದಲ್ಲೂ ಬರುತ್ತದೆ. ಲೈನ್‌ಮನ್ ತಂತಿ ಪರೀಕ್ಷಿಸಿ ಎರಡೂ ಕಡೆ ಅರ್ಥ್ ಮಾಡಿದ ಮೇಲೆಯೇ ಅದನ್ನು ಸತ್ತ ತಂತಿ ಎನ್ನಬಹುದು. ಸುತ್ತಲಿನ ಮನೆಗಳ ಜನರೇಟರ್, ಇನ್ವರ್ಟರ್ ತಪ್ಪು ಜೋಡಣೆಯಾಗಿದ್ದರೆ ಹಿಂದಿನಿಂದ ಕರೆಂಟು ಬರುತ್ತದೆ.

ಗಾಳಿ ಮತ್ತು ಹೊತ್ತು

ಡಿಸೆಂಬರಿನಿಂದ ಮಾರ್ಚ್‌ವರೆಗೆ ನೆಲ ಗಟ್ಟಿ, ಮಳೆಯಿಲ್ಲ. ಮುಂದೂಡಬಹುದಾದ ಮರವನ್ನು ಆಗಲೇ ತೆಗೆಯಿರಿ. ಕರಾವಳಿಯಲ್ಲಿ ಹೊತ್ತು ಏರಿದಂತೆ ಕಡಲಗಾಳಿ ಬಲವಾಗುತ್ತದೆ. ಆದ್ದರಿಂದ ಎಲೆ ತುಂಬಿದ ತಲೆಯ ಭಾಗವನ್ನು ಬೆಳಿಗ್ಗೆ 7ರಿಂದ 11ರೊಳಗೆ ಇಳಿಸಿ, ಬೋಳು ದಿಮ್ಮಿಗಳನ್ನು ಆಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಸಣ್ಣ ಟೊಂಗೆಗಳು ನಿಲ್ಲದೆ ಅಲುಗುತ್ತಿದ್ದರೆ ಗಾಳಿ ಗಂಟೆಗೆ 20 ಕಿ.ಮೀ. ದಾಟಿದೆ ಎಂದರ್ಥ, ಎಲೆಯ ತುಂಡು ಎತ್ತುವುದನ್ನು ನಿಲ್ಲಿಸಿ. ದೂರದಲ್ಲಿ ಗುಡುಗು ಕೇಳಿದರೂ ಬೂಮ್ ಇಳಿಸಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಂಥ ಗಾಳಿಯ ನಂತರ ಮಾಡಿನ ಮೇಲೆ ಒರಗಿದ ಮರಗಳು ಬಾಗಿ ಬಿಗಿದುಕೊಂಡಿರುತ್ತವೆ. ಅವನ್ನು ಕೊಯ್ಯುವುದು ನಿಂತ ಮರಕ್ಕಿಂತ ಕಷ್ಟ, ಅವಸರ ಎಷ್ಟಿದ್ದರೂ ಮೊದಲು ಎರಡು ಕಡೆ ಕಟ್ಟಿ ಹಿಡಿದುಕೊಳ್ಳಬೇಕು.

ಬೆಲ್ಟ್, ಚೈನು, ಶಕಲ್

ಎತ್ತುವ ನೈಲಾನ್ ಬೆಲ್ಟಿನ ಬಣ್ಣವೇ ಅದರ ಶಕ್ತಿ ಹೇಳುತ್ತದೆ: ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5. ಕುಣಿಕೆ ಹಾಕಿ ಬಿಗಿದಾಗ ಶೇ. 80ರಷ್ಟೇ ಉಳಿಯುತ್ತದೆ, ಹಸಿರು ಬೆಲ್ಟ್ ಕುಣಿಕೆಯಲ್ಲಿ 1.6 ಟನ್. ಚೀಟಿ ಹರಿದ, ಅಂಚು ಕತ್ತರಿಸಿದ, ಗಂಟು ಹಾಕಿದ ಬೆಲ್ಟನ್ನು ಬದಿಗಿಟ್ಟರೆ ಸಾಲದು, ಎರಡು ತುಂಡು ಮಾಡಿ ಎಸೆಯಿರಿ. ಇಲ್ಲದಿದ್ದರೆ ಮರುದಿನ ಯಾರೋ ಅದನ್ನೇ ಎತ್ತಿಕೊಂಡು ಬರುತ್ತಾರೆ. ಚೈನ್‌ಸಾ ಒಮ್ಮೆ ಸವರಿದರೂ ಬೆಲ್ಟ್ ಹೋಯಿತು, ಆದ್ದರಿಂದ ಕಟ್ಟುವ ಜಾಗ ಮತ್ತು ಕೊಯ್ಯುವ ಜಾಗದ ನಡುವೆ ಕನಿಷ್ಠ ಒಂದು ಮೀಟರ್ ಇರಲಿ.

ಅಡ್ಡ ಟೊಂಗೆಯನ್ನು ಎರಡು ಬೆಲ್ಟಿನಲ್ಲಿ ಹಿಡಿದಾಗ ಅವುಗಳ ನಡುವಿನ ಕೋನ ನೋಡಬೇಕು. 1,000 ಕಿಲೊ ತುಂಡಿಗೆ ಕೋನ 60 ಡಿಗ್ರಿ ಇದ್ದರೆ ಒಂದೊಂದು ಬೆಲ್ಟಿಗೆ 580 ಕಿಲೊ, 90 ಡಿಗ್ರಿಗೆ 710, 120 ಡಿಗ್ರಿಗೆ ಒಂದೊಂದಕ್ಕೂ 1,000. ಅದಕ್ಕಿಂತ ಅಗಲವಾದರೆ ಎರಡು ಬೆಲ್ಟ್ ಹಾಕಿಯೂ ಒಂದು ಹಾಕಿದ್ದಕ್ಕಿಂತ ಕಡೆ.

ನೆಟ್ಟಗಿನ ತುಂಡಿಗೆ ಕುಣಿಕೆಯನ್ನು ಉದ್ದದ ಮೂರನೇ ಎರಡು ಭಾಗ ಮೇಲೆ, ಸಾಧ್ಯವಾದರೆ ಒಂದು ಕವಲಿನ ಕೆಳಗೆ ಹಾಕಿ. ತೂಕದ ನಡುಬಿಂದುವಿಗಿಂತ ಕೆಳಗೆ ಕಟ್ಟಿದ ತುಂಡು ಕಳಚಿದ ಕೂಡಲೇ ತಲೆಕೆಳಗಾಗುತ್ತದೆ. ತೆಂಗು ನುಣುಪಾಗಿರುವುದರಿಂದ ಎರಡು ಸುತ್ತು ಸುತ್ತಿ ಕುಣಿಕೆ ಹಾಕಬೇಕು. ಸುಲಿಯುವ ತೊಗಟೆಯ ಮರದಲ್ಲಿ ಬೆಲ್ಟ್ ಕೂರುವ ಪಟ್ಟಿಯ ತೊಗಟೆ ತೆಗೆಯಿರಿ.

ಮಾತು ಮತ್ತು ಸನ್ನೆ

ಕ್ರೇನ್ ಓಡಿಸುವವ ಹಿಂದಿಯವ, ಮರದ ಮೇಲಿನವ ಕೊಂಕಣಿಯವ, ಕೆಳಗಿರುವವರು ಕನ್ನಡದವರು. ಕಾರವಾರದಲ್ಲಿ ಇದು ದಿನನಿತ್ಯದ ಸಂಗತಿ. ಕೊಂಕಣಿಯಲ್ಲಿ ‘ವಯ್ರ್’ ಎಂದರೆ ಮೇಲೆ. ಮೇಲಿನವ ‘ವಯ್ರ್, ವಯ್ರ್’ ಎಂದು ಕೂಗಿದರೆ ಕನ್ನಡದವರಿಗೆ ‘ವೈರ್’ ಎಂದು, ಅಂದರೆ ತಂತಿ ತಾಗಿತೆಂದು ಕೇಳಿಸುತ್ತದೆ. ರಿಗ್ಗಿಂಗ್ (ಭಾರ ಕಟ್ಟಿ ಎತ್ತುವ) ಖಲಾಸಿಗಳು ಎತ್ತಲು ‘ಹಬೀಸ್’, ಇಳಿಸಲು ‘ಆರಿಯಾ’ ಎನ್ನುತ್ತಾರೆ. ತೋಟದ ಕೂಲಿಗೆ ಎರಡೂ ಗೊತ್ತಿರುವುದಿಲ್ಲ.

ಬೆಳಿಗ್ಗೆ ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ ನಾಲ್ಕೇ ಪದ ಗೊತ್ತು ಮಾಡಿ, ಪ್ರತಿಯೊಬ್ಬರಿಂದಲೂ ಹೇಳಿಸಿ: ಎತ್ತು, ಇಳಿಸು, ತಿರುಗಿಸು, ನಿಲ್ಲು. ಜತೆಗೆ ಕೈಸನ್ನೆ: ಬೆರಳು ಮೇಲೆ ತೋರಿಸಿ ಸುತ್ತಿಸಿದರೆ ಎತ್ತು, ಕೆಳಗೆ ತೋರಿಸಿ ಸುತ್ತಿಸಿದರೆ ಇಳಿಸು. ಸನ್ನೆ ಕೊಡುವವನು ಒಬ್ಬನೇ, ಬೇರೆ ಬಣ್ಣದ ಅಂಗಿಯಲ್ಲಿ. ಅವನು ಬೇರೆ ಕೆಲಸಕ್ಕೆ ಕೈ ಹಾಕಬಾರದು. ‘ನಿಲ್ಲು’ ಎನ್ನುವ ಅಧಿಕಾರ ಮಾತ್ರ ಎಲ್ಲರಿಗೂ ಇರಲಿ, ಹಗ್ಗ ಹಿಡಿದ ಹುಡುಗನಿಗೂ. ಚೈನ್‌ಸಾ ಸದ್ದಿನಲ್ಲಿ ಕೂಗು ಕೇಳದು, ಮೇಲಿನವನ ಕಿವಿಗೆ ವಾಕಿಟಾಕಿ ಇದ್ದರೆ ಅರ್ಧ ಅಪಾಯ ಕಡಿಮೆ.

ಮರದ ಎತ್ತರದ ಒಂದೂವರೆ ಪಟ್ಟು ದೂರಕ್ಕೆ ಹಗ್ಗ ಕಟ್ಟಿ ಜನರನ್ನು ಹೊರಗಿಡಿ. ನೋಡಲು ಬರುವವರಿಗಿಂತ ಸೌದೆ ಆರಿಸಲು, ಕಾಯಿ ಹೆಕ್ಕಲು ಬರುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಅವರ ಕಣ್ಣು ನೆಲದ ಮೇಲಿರುತ್ತದೆ. ಸೌದೆ ಸಂಜೆ ಕೊಡುತ್ತೇವೆಂದು ಮೊದಲೇ ಹೇಳಿಬಿಟ್ಟರೆ ಯಾರೂ ಒಳಗೆ ನುಸುಳುವುದಿಲ್ಲ.

ಕೊಯ್ಯುವ ಹೊತ್ತು

1. ಮೇಲಿನವನು ಬೆಲ್ಟ್ ಕಟ್ಟಿ ಹುಕ್ ಹಾಕುತ್ತಾನೆ. ಹುಕ್ ತುಂಡಿನ ತೂಕದ ನಡುಬಿಂದುವಿನ ನೇರ ಮೇಲಿರಬೇಕು. ಒಂದೇ ದಿಕ್ಕಿನಿಂದ ನೋಡಿದರೆ ಕಣ್ಣು ಮೋಸಹೋಗುತ್ತದೆ; ಒಬ್ಬ ಎದುರಿನಿಂದ, ಒಬ್ಬ ಪಕ್ಕದಿಂದ ನೋಡಿ ಹೇಳಲಿ. ಹುಕ್ ಒಂದು ಮೀಟರ್ ಆಚೆಗಿದ್ದರೆ ತುಂಡು ಕಳಚಿದೊಡನೆ ಆ ಕಡೆಗೆ ಬೀಸಿ ಮರಳುತ್ತದೆ. ಬೂಮ್ ಮಾಡಿರುವುದು ನೇರ ಮೇಲೆತ್ತಲು. ಪಕ್ಕದ ಎಳೆತಕ್ಕೆ ಅದು ಮುರಿಯುತ್ತದೆ.

2. ಅವನು ಕೆಳಗಿಳಿದು, ಕೊಯ್ಯುವ ಜಾಗಕ್ಕಿಂತ ಕೆಳಗೆ, ಉಳಿಯುವ ಕಾಂಡಕ್ಕೆ ತನ್ನ ಸೊಂಟದ ಪಟ್ಟಿ ಮತ್ತು ಇನ್ನೊಂದು ಹಗ್ಗ ಕಟ್ಟಿಕೊಳ್ಳುತ್ತಾನೆ. ಹೋಗುವ ತುಂಡಿಗೆ ಅವನ ಯಾವ ಹಗ್ಗವೂ ತಾಗಿರಬಾರದು. ಇದನ್ನು ಸನ್ನೆಯವನು ಬಾಯಿಬಿಟ್ಟು ಕೇಳಿ ಉತ್ತರ ಪಡೆಯಬೇಕು.

3. ಕ್ರೇನ್ ನಿಧಾನ ಬಿಗಿಯುತ್ತದೆ, ಇಂಡಿಕೇಟರ್ ಅಂದಾಜು ತೂಕಕ್ಕೆ ಹತ್ತಿರ ಬರುವವರೆಗೆ. ಕಡಿಮೆ ಬಿಗಿದರೆ ತುಂಡು ಗರಗಸದ ಮೇಲೆ ಕೂರುತ್ತದೆ, ಆಮೇಲೆ ಕೆಳಗೆ ಜಗ್ಗುತ್ತದೆ. ಅರ್ಧ ಮೀಟರ್ ಜಗ್ಗಿದರೂ ರೋಪಿನ ಮೇಲೆ ಬೀಳುವುದು ತೂಕದ ಹಲವು ಪಟ್ಟು. ಹೆಚ್ಚು ಬಿಗಿದರೆ ಕಳಚಿದ ತುಂಡು ಮೇಲಕ್ಕೆ ಎಗರುತ್ತದೆ, ಬುಡ ಕೊಯ್ಯುವವನ ಮುಖದ ಎತ್ತರದಲ್ಲಿ ಬೀಸುತ್ತದೆ.

4. ಅಡ್ಡ ಟೊಂಗೆಯಲ್ಲಿ ಮಾಮೂಲಿಗೆ ಮೇಲ್ಭಾಗ ಹಿಗ್ಗಿರುತ್ತದೆ, ಕೆಳಭಾಗ ಕುಗ್ಗಿರುತ್ತದೆ. ಕ್ರೇನ್ ಬಿಗಿದಾಗ ಇದು ತಿರುಗುಮುರುಗಾಗಬಹುದು. ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ನೋಡಿ, ಕುಗ್ಗಿದ ಕಡೆಯಿಂದ ಮೂರನೇ ಒಂದು ಭಾಗ ಕೊಯ್ದು, ಹಿಗ್ಗಿದ ಕಡೆಯಿಂದ ಮುಗಿಸಬೇಕು. ನೆಟ್ಟಗಿನ ಕಾಂಡವನ್ನು ನೇರ ಅಡ್ಡಕ್ಕೆ ಕೊಯ್ಯಬೇಕು, ಸೀಳು ಮುಚ್ಚತೊಡಗಿದರೆ ಬೆಣೆ ಹಾಕಿ.

5. ಕೊಯ್ಯುವವನು ಬುಡ ಬೀಸುವ ದಿಕ್ಕಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲುತ್ತಾನೆ. ಕೊಯ್ತ ಮುಗಿದ ಕೂಡಲೇ ಗರಗಸ ಆರಿಸಿ ತಗ್ಗುತ್ತಾನೆ. ಅವನು ‘ಎತ್ತು’ ಎಂದ ಮೇಲೆಯೇ ಕ್ರೇನ್ ಎತ್ತುತ್ತದೆ.

ತುಂಡು ಬಿಡದಿದ್ದರೆ ಏನು ಮಾಡುತ್ತಾರೆಂಬುದರಲ್ಲಿ ತಂಡದ ಗುಣ ಗೊತ್ತಾಗುತ್ತದೆ. ಇಂಡಿಕೇಟರ್ ಅಂದಾಜು ಮೀರಿ ಏರುತ್ತಿದ್ದರೆ ಎಲ್ಲೋ ನಾರು ಹಿಡಿದಿದೆ, ಇಲ್ಲವೇ ಬಳ್ಳಿ ಸುತ್ತಿದೆ. ಇನ್ನೂ ಎಳೆದು ಕಿತ್ತುಕೊಳ್ಳುವುದು ಬೇಡವೇ ಬೇಡ. ಬಿಗಿತ ಮೊದಲಿನಷ್ಟಕ್ಕೆ ಇಳಿಸಿ, ಹಿಡಿದದ್ದನ್ನು ಹುಡುಕಿ ಕೊಯ್ಯಬೇಕು. ಹಾಗೆಯೇ, ಅರ್ಧ ಕೊಯ್ದ ಮೇಲೆ ತೂಕ ಹೆಚ್ಚಾಯಿತೆಂಬ ಅನುಮಾನ ಬಂದರೆ ಕೊಯ್ಯುವವನನ್ನು ಮೊದಲು ಕೆಳಗಿಳಿಸಿ, ಆಮೇಲೆ ಯೋಚಿಸಿ.

ಇಳಿಸುವುದು

ತೂಗುವ ತುಂಡಿನ ಕೆಳಗೆ ಯಾರೂ ಇರಬಾರದು, ಅದರ ದಾರಿ ಮಾಡಿನ ಮೇಲಿದ್ದರೆ ಮನೆಯೊಳಗೂ ಇರಬಾರದು. ತಿರುಗದಂತೆ ಹಿಡಿಯಲು ಕಟ್ಟಿದ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ತುಂಡು ನೆಲಕ್ಕೆ ತಾಗಿದ ಮೇಲೂ ರೋಪ್ ಸಡಿಲಿಸುವ ಮೊದಲು ಎರಡೂ ಬದಿಗೆ ಅಡ್ಡಗಟ್ಟೆ ಇಡಿ. ಟೊಂಗೆಗಳ ಮೇಲೆ ಊರಿ ನಿಂತ ತುಂಡು ಒಂದು ರೆಂಬೆ ಕೊಯ್ದೊಡನೆ ಉರುಳುತ್ತದೆ. ಇಳಿಜಾರಿನ ಕೆಳಬದಿಯಲ್ಲಿ ನಿಂತು ರೆಂಬೆ ಸವರಬಾರದು.

ಕೆಟ್ಟರೆ

ಬೂಮ್ ತಂತಿಗೆ ತಾಗಿದರೆ ಓಡಿಸುವವನು ಕ್ಯಾಬಿನ್ನಿನಲ್ಲೇ ಕೂರಬೇಕು, ಸಾಧ್ಯವಾದರೆ ಬೂಮನ್ನು ಹಿಂದಕ್ಕೆ ತರಬೇಕು. ಉಳಿದವರು 10 ಮೀಟರಿಗಿಂತ ದೂರ ಹೋಗಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡು ಕಾಲು ಜೋಡಿಸಿ ಹಾರಿ, ಪಾದ ಜೋಡಿಸಿಕೊಂಡೇ ಪುಟ್ಟಪುಟ್ಟದಾಗಿ ಸರಿಯುತ್ತ ದೂರ ಹೋಗಬೇಕು. ದೊಡ್ಡ ಹೆಜ್ಜೆ ಇಟ್ಟರೆ ಎರಡು ಕಾಲುಗಳ ನಡುವೆ ಕರೆಂಟು ಹರಿಯುತ್ತದೆ.

ಮರದ ಮೇಲೆ ಪ್ರಜ್ಞೆತಪ್ಪಿ ಸೊಂಟದ ಪಟ್ಟಿಯಲ್ಲಿ ನೇತಾಡುವವನನ್ನು ನಿಮಿಷಗಳೊಳಗೆ ಇಳಿಸದಿದ್ದರೆ ನೇತಾಟವೇ ಅವನ ಜೀವಕ್ಕೆ ಅಪಾಯ. ಅಗ್ನಿಶಾಮಕದವರು ಬರುವವರೆಗೆ ಕಾಯುವಷ್ಟು ಹೊತ್ತು ಇರುವುದಿಲ್ಲ. ಹತ್ತಬಲ್ಲ ಎರಡನೆಯ ವ್ಯಕ್ತಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಕೆಳಗಿರಬೇಕು. ಚೈನ್‌ಸಾ ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಬಿಗಿಯಾಗಿ ಹಿಡಿದು 108 ಕರೆಯಿರಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಗಾಯಾಳುವನ್ನು ಒಯ್ಯುವ ಗಾಡಿ ಯಾವುದು ಎಂಬುದು ಬೆಳಿಗ್ಗೆಯೇ ಗೊತ್ತಾಗಿರಲಿ. ಆ ಗಾಡಿಯನ್ನು ಕ್ರೇನಿನ ಹಿಂದೆ ನಿಲ್ಲಿಸಿ ದಾರಿ ಮುಚ್ಚಿಕೊಳ್ಳಬೇಡಿ.

ಬುಡ ಉಳಿದ ಮೇಲೆ

ಬೊಡ್ಡೆಯನ್ನು ಕ್ರೇನಿನಿಂದ ಎಳೆದು ಕೀಳಿಸಬಾರದು. ಬೇರು ಹಿಡಿದ ಬೊಡ್ಡೆಯ ಎಳೆತಕ್ಕೆ ಲೆಕ್ಕವಿಲ್ಲ. ಬೇರು ಥಟ್ಟನೆ ಹರಿದಾಗ ಬೂಮ್ ಹಿಂದಕ್ಕೆ ಬಡಿಯುತ್ತದೆ. ಅದನ್ನು ಅಗೆದು, ಬೇರು ಕಡಿದು ತೆಗೆಯಬೇಕು. ಧರೆಯ ಅಂಚಿನ ಮರವಾದರೆ ಬೊಡ್ಡೆಯನ್ನು ಹಾಗೆಯೇ ಬಿಡಿ, ಆ ಬೇರು ಮಣ್ಣು ಹಿಡಿದಿರುತ್ತದೆ.

ಹೊರಡುವಾಗ ಮೊದಲು ಬೂಮ್ ಪೂರ್ತಿ ಮಡಚಿ ಗಾಡಿಯ ಮೇಲೆ ಮಲಗಿಸಿ, ಆಮೇಲೆ ಜಾಕ್ ಎತ್ತಬೇಕು. ಕೆಲಸ ಮುಗಿಯಿತೆಂಬ ಸಡಿಲದಲ್ಲಿ ಈ ಕ್ರಮ ಹಿಂದುಮುಂದಾದರೆ ಬರಿಯ ಬೂಮಿನ ತೂಕಕ್ಕೇ ಕ್ರೇನ್ ಪಕ್ಕಕ್ಕೆ ಮಗುಚುತ್ತದೆ. ಹಾಸುಗಳನ್ನು ತೆಗೆದು, ಜಾಕ್ ಊರಿದ ನಾಲ್ಕು ಗುಂಡಿ ಎಷ್ಟು ಇಳಿದಿವೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಅದೇ ಕೇರಿಯಲ್ಲಿ ಮುಂದಿನ ಮರ ತೆಗೆಯುವಾಗ ನೆಲದ ಬಗ್ಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದಿಲ್ಲ.